ಪರಿಸರ ಒಪ್ಪಂದಕ್ಕೆ ಸೇರಲು ಬಡ ದೇಶಗಳಿಗೆ ದುಡ್ಡು ಕೊಡುವುದು ಲಂಚವಲ್ಲವೇ?

ಪ್ರಬಂಧ ಬರೆಯುತ್ತಾ ನೀವು ಹೀಗೆ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ ನೋಡ್ರಿ, ಅದೇ ದುಡ್ಡಿನ ಊಟ ಉಂಡು.

2004. ಆಗಿನ್ನೂ ಬಿಜಾಪುರ ಅಂತಿದ್ದ ಊರಲ್ಲಿ ನನ್ನದು ಫ್ರಿಜ್ ರಿಪೇರಿ ಅಂಗಡಿ. ಹಳೇ ಗ್ಯಾಸ್ ಆರ್-12 ಬಂದ್ ಆಗಲಿದೆ, ಮೆಕ್ಯಾನಿಕ್‌ಗಳಿಗೆ ಬೆಳಗಾವಿಯಲ್ಲಿ ಎರಡು ದಿನ ತರಬೇತಿ, ಊಟ, ಬಸ್ ಚಾರ್ಜು, ಭತ್ತೆ ಎಲ್ಲಾ ಕೊಡ್ತಾರೆ ಅಂದರು. ಭತ್ತೆಗಾಗಿಯೇ ಹೋದೆ. ಎರಡನೇ ದಿನ ಮಧ್ಯಾಹ್ನ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಮನೆಗೆ ಕುಂದಾ ಕೊಳ್ಳಲು ಪೇಟೆಗೆ ಜಾರಿಕೊಂಡೆ. ಅವತ್ತು ಮಧ್ಯಾಹ್ನದ ಪಾಠ ಕಂಪ್ರೆಸರ್ ಎಣ್ಣೆಯದು.

ಮುಂದಿನ ಏಪ್ರಿಲ್‌ನಲ್ಲಿ ಗಾಂಧಿ ಚೌಕದ ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರ್ ಗ್ಯಾಸ್ ಸೋರಿತು. ಸೋರಿದ ಕಡೆ ಬೆಸುಗೆ ಹಾಕಿ, ಹೊಸ ಗ್ಯಾಸ್ 134ಎ ತುಂಬಿದೆ. ಎರಡರ ಪ್ರೆಷರ್ ಹತ್ತಿರ ಹತ್ತಿರ ಇರುತ್ತದೆ, ಹಾಗಾಗಿ ಚೆನ್ನಾಗೇ ತಣ್ಣಗಾಯಿತು; ಮೋಸ ಇರುವುದೇ ಅಲ್ಲಿ. ಆರ್-12 ಜೊತೆ ಬರುವ ಮಿನರಲ್ ಎಣ್ಣೆ 134ಎಯಲ್ಲಿ ಬೆರೆಯುವುದಿಲ್ಲ. ಕಂಪ್ರೆಸರ್‌ನಿಂದ ಗ್ಯಾಸ್ ಜೊತೆ ಹೊರಟ ಎಣ್ಣೆ ಕಾಯಿಲ್‌ನಲ್ಲೇ ಕೂತುಬಿಡುತ್ತದೆ, ವಾಪಸ್ ಬರುವುದಿಲ್ಲ. ಇದಕ್ಕೆ ಬೇರೆ ಎಣ್ಣೆ ಬೇಕು, ಪಿಒಇ ಅಂತಾರೆ. ಅದು ಗಾಳಿಯ ತೇವ ಹೀರುತ್ತದೆ, ಆದ್ದರಿಂದ ಲೈನ್ ಪೂರ್ತಿ ತೊಳೆದು, ವ್ಯಾಕ್ಯೂಮ್ ಎಳೆದು ಆಮೇಲೆ ಗ್ಯಾಸ್. ನಾನು ಇದ್ಯಾವುದನ್ನೂ ಮಾಡಿರಲಿಲ್ಲ. ಮೂರನೇ ವಾರ ಕಂಪ್ರೆಸರ್ ಒಣಗಿ ಜಾಮ್. "ಏನೋ ತಮ್ಮಾ, ಗ್ಯಾಸ್ ತುಂಬೀಯೋ ಮಣ್ಣ ತುಂಬೀಯೋ?" ಅಂದರು ಮಾಲಕರು. ಕರಗಿದ ಮಾಲಿನ ದುಡ್ಡು, ಹೊಸ ಕಂಪ್ರೆಸರ್, ಎರಡೂ ನನ್ನ ಮೈಮೇಲೆ. ಮನೆಯಾಕಿ ಭಿಶಿ, ಅಂದರೆ ಚೀಟಿ ದುಡ್ಡು, ಎತ್ತಿ ಕೊಟ್ಟಳು. ಆ ಗಿರಾಕಿ ತಿರುಗಿ ಬರಲಿಲ್ಲ.

ಇಂಥ ತರಬೇತಿಗಳ ಹಿಂದೆ, ಆರ್-12ನಂಥ ಗ್ಯಾಸ್‌ಗಳಿಂದ ಓಜೋನ್ ಪದರ ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ನಿಧಿ ಇದೆ ಎಂದು ಓದಿ ತಿಳಿದದ್ದು ಬಹಳ ವರ್ಷದ ಮೇಲೆ. 1987ರಲ್ಲಿ ಒಪ್ಪಂದವಾದಾಗ ಭಾರತ ಸಹಿ ಹಾಕಲಿಲ್ಲ. ಓಜೋನ್‌ಗೆ ತೂತು ಮಾಡಿದವರು ಶ್ರೀಮಂತರು, ಹೊಸ ತಂತ್ರಜ್ಞಾನದ ಖರ್ಚು ನಾವೇಕೆ ಹೊರಬೇಕು ಅನ್ನುವುದು ನಮ್ಮ ವಾದ. 1990ರ ಲಂಡನ್ ಸಭೆಯಲ್ಲಿ ನಮ್ಮ ಆಗಿನ ಪರಿಸರ ಮಂತ್ರಿ ಮನೇಕಾ ಗಾಂಧಿ ಇದಕ್ಕೇ ಹಟ ಹಿಡಿದರು. ಕೊನೆಗೆ ನಿಧಿ ಹುಟ್ಟಿತು: ಮೂರು ವರ್ಷಕ್ಕೆ 16 ಕೋಟಿ ಡಾಲರ್, ಭಾರತ ಚೀನಾ ಸೇರಿದರೆ ಇನ್ನೂ 8 ಕೋಟಿ. ಚೀನಾ 1991ರಲ್ಲಿ, ನಾವು 1992ರಲ್ಲಿ ಸೇರಿದೆವು. ಇದನ್ನು ಲಂಚ ಅಂದರೆ ನಾನು ಒಪ್ಪಲ್ಲ. ನನ್ನ ಹೊಲಕ್ಕೆ ನಿಮ್ಮ ದನ ನುಗ್ಗಿದರೆ ಬೇಲಿಯ ಖರ್ಚು ಕೇಳುವುದು ಲಂಚವೇ? ಮೇಲಾಗಿ ಬರೀ ದುಡ್ಡೂ ಅಲ್ಲ, ಸೇರದ ದೇಶದ ಜೊತೆ ಈ ಗ್ಯಾಸ್‌ಗಳ ವ್ಯಾಪಾರ ಬಂದ್ ಎಂಬ ಷರತ್ತೂ ಇತ್ತು.

ನೀವು ನೋಡಬೇಕಾದ್ದು ದುಡ್ಡು ಯಾವುದಕ್ಕೆ ಕೊಟ್ಟರು ಅನ್ನುವುದನ್ನು. ನನಗೆ ಕೊಟ್ಟದ್ದು ಹಾಜರಿ ಸಹಿಗೆ, ನಾನೂ ಸಹಿ ಅಷ್ಟೇ ಮಾಡಿ ಬಂದೆ. ಆರ್-12ನಂಥ ಗ್ಯಾಸ್ ಅಂದರೆ ಸಿಎಫ್‌ಸಿ ಮಾಡುವ ನಮ್ಮ ಕಾರ್ಖಾನೆಗಳಿಗೆ 1999ರಲ್ಲಿ ಒಪ್ಪಿದ 8.2 ಕೋಟಿ ಡಾಲರ್ ಹಾಗೆ ಬರಲಿಲ್ಲ. ಪ್ರತಿ ವರ್ಷ ಉತ್ಪಾದನೆ ಇಳಿದದ್ದನ್ನು ತಪಾಸಣೆ ಮಾಡಿದ ಮೇಲೆಯೇ ಮುಂದಿನ ಕಂತು. 2010ರ ಗಡುವಿಗೂ ಮೊದಲೇ, 2008ರ ಆಗಸ್ಟ್ 1ಕ್ಕೆ ಉತ್ಪಾದನೆ ನಿಂತಿತು.

ಭೂಮಿ ಬಿಸಿಯಾಗುವುದನ್ನು ತಡೆಯುವ ಕ್ಯೋಟೋ ಒಪ್ಪಂದದಲ್ಲಿ ಉಲ್ಟಾ ಆಯಿತು. ಎಸಿಗೆ ಹಾಕುವ ಗ್ಯಾಸ್ ಆರ್-22 ಮಾಡುವಾಗ ಹುಟ್ಟುವ, ಭೂಮಿಯನ್ನು ಬಿಸಿ ಮಾಡುವ ಎಚ್‌ಎಫ್‌ಸಿ-23 ಎಂಬ ಹೊಲಸನ್ನು ಸುಟ್ಟರೆ ಕಾರ್ಬನ್ ಕ್ರೆಡಿಟ್, ಅಂದರೆ ಮಾರಿ ದುಡ್ಡು ಮಾಡಬಹುದಾದ ಸರ್ಟಿಫಿಕೇಟ್. ಸುಡುವುದೇ ಎಂಥಾ ಲಾಭದ ಧಂಧೆಯಾಯಿತೆಂದರೆ, ಸುಡಲಿಕ್ಕಾಗಿಯೇ ಹೊಲಸು ಹುಟ್ಟಿಸುತ್ತಿದ್ದಾರೆ ಎಂಬ ದೂರು ಎದ್ದು, 2013ರಲ್ಲಿ ಯುರೋಪ್ ಆ ಕ್ರೆಡಿಟ್‌ಗಳನ್ನೇ ನಿಲ್ಲಿಸಿತು. 2016ರ ಅಕ್ಟೋಬರ್‌ನಲ್ಲಿ ನಮ್ಮ ಸರ್ಕಾರ ಕಾರ್ಖಾನೆಗಳಿಗೆ 'ನಿಮ್ಮ ಖರ್ಚಲ್ಲೇ ಸುಡಿ' ಎಂದು ಆದೇಶ ಹೊರಡಿಸಿತು.

ನಿಮ್ಮ ಪ್ರಬಂಧದಿಂದ 'ಲಂಚ' ಎಂಬ ಪದ ಹೊಡೆದುಹಾಕಿ, ಕಂತಿನ ಲೆಕ್ಕ ಬರೆಯಿರಿ.