ಕಾಸರಗೋಡಿನ ಚಂದ್ರಗಿರಿ ಹೊಳೆ ಬದಿಯ ಬಾವಿ ಏಪ್ರಿಲ್‌ನಲ್ಲಿ ಉಪ್ಪಾಗುವುದು ಯಾಕೆ?

ಬಹುಶಃ ಪಂಪಿನದೇ ಕೆಲಸ. ಸಮುದ್ರದ ಹತ್ತಿರ ನೆಲದೊಳಗಿನ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ, ಪಂಪ್ ಎಳೆದು ಸಿಹಿನೀರಿನ ಮಟ್ಟ 1 ಅಡಿ ಇಳಿದರೆ ಅಡಿಯಿಂದ ಉಪ್ಪುನೀರು ಲೆಕ್ಕಪ್ರಕಾರ ಸುಮಾರು 40 ಅಡಿ ಏರಬಹುದು. ಹಾಗಾಗಿ ಬಾವಿ ಇನ್ನೂ ಆಳ ಮಾಡಿಸಲು ಹೋಗಬೇಡಿ, ಜಾಸ್ತಿ ಹಾಳಾಗುತ್ತದೆ.

ಮೊದಲು ಬೆಳಗ್ಗೆ ಪಂಪ್ ಹಾಕುವ ಮುಂಚೆ ಕೊಡದಲ್ಲಿ ಸೇದಿ ರುಚಿ ನೋಡಿ, ಆಮೇಲೆ ಅರ್ಧ ಗಂಟೆ ಪಂಪ್ ಓಡಿಸಿ ಮತ್ತೆ ನೋಡಿ. ಆಗ ಉಪ್ಪು ಜಾಸ್ತಿಯಾದರೆ ಅಡಿಯಿಂದ ಏರುತ್ತಿದೆ ಅಂತ. ತೋಟಕ್ಕೆ ಒಂದೇ ಸಲ ಎಳೆಯದೆ ಬಿಟ್ಟು ಬಿಟ್ಟು ಎಳೆಯಿರಿ, ಫುಟ್‌ವಾಲ್ವ್ (ಬಾವಿಯೊಳಗಿನ ಪೈಪಿನ ತುದಿಯ ವಾಲ್ವ್) ಸ್ವಲ್ಪ ಮೇಲೆತ್ತಿ. ವ್ಯತ್ಯಾಸವೇ ಇಲ್ಲದಿದ್ದರೆ ಹೊಳೆಯ ಉಬ್ಬರದ ನೀರು ಪಕ್ಕದಿಂದ ಒಸರುತ್ತಿರಬಹುದು. ಉಬ್ಬರ, ಇಳಿತ ಎರಡೂ ಹೊತ್ತು ನೋಡಿದರೆ ಗೊತ್ತಾಗುತ್ತದೆ.

ಕುದಿಸಿದರೆ ಉಪ್ಪು ಹೋಗುವುದಿಲ್ಲ, ಸುಮ್ನೆ ಗ್ಯಾಸ್ ದಂಡ. ಮಳೆಗಾಲಕ್ಕೆ ಮುಂಚೆ ಮಾಡಿನ ನೀರನ್ನು ಜಲ್ಲಿ, ಮರಳು ಹಾಕಿದ ಡ್ರಮ್ಮಿನ ಮೂಲಕ ಬಾವಿಗೆ ಬಿಡುವ ಪೈಪ್ ಹಾಕಿಸಿ. ಮೊದಲ ಒಂದೆರಡು ಮಳೆಯ ನೀರು ಮಾತ್ರ ಹೊರಗೆ ಬಿಡಿ.