ಮೈಕ್ರೋವೇವ್‌ಗೆ (ಬೆಳಕಿನಂಥದೇ, ಆದರೆ ಹೆಚ್ಚು ಉದ್ದದ ಅಲೆ) ಕಾಣದಂತೆ ವಸ್ತುವನ್ನು ಮರೆಮಾಡಬಹುದಾದರೆ, ಕಣ್ಣಿಗೆ ಕಾಣದಂತೆ ಯಾಕೆ ಆಗಲ್ಲ?

ತಡೆಯಾಗಿರುವುದು ಮುಖ್ಯವಾಗಿ ಅಳತೆ. ವಸ್ತು ಕಾಣಬಾರದು ಎಂದರೆ ಅಲೆ ಅದಕ್ಕೆ ಬಡಿದು ಹಿಂದಿರುಗಬಾರದು, ಹಿಂದೆ ನೆರಳೂ ಬೀಳಬಾರದು. ಹೊಳೆಯ ನೀರು ಬಂಡೆಯನ್ನು ಬಳಸಿಕೊಂಡು ಹೋಗಿ ಮತ್ತೆ ಕೂಡುತ್ತದಲ್ಲ, ಹಾಗೆ ಅಲೆ ಸುತ್ತಿಕೊಂಡು ಹೋಗಬೇಕು.

2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಶೂರಿಗ್, ಡೇವಿಡ್ ಸ್ಮಿತ್ ಮತ್ತಿತರರು ಮೈಕ್ರೋವೇವ್‌ನಲ್ಲಿ ಇದನ್ನು ಮಾಡಿ ತೋರಿಸಿದರು. ಸಿದ್ಧಾಂತದ ಹಿಂದಿದ್ದವರು ಲಂಡನ್ನಿನ ಜಾನ್ ಪೆಂಡ್ರಿ. ಮರೆಮಾಡಬೇಕಾದದ್ದು ಒಂದು ತಾಮ್ರದ ಸಿಲಿಂಡರ್, ಅದರ ಸುತ್ತ ಒಂದರೊಳಗೊಂದು ಹತ್ತು ಬಳೆಗಳು. ಬಳೆಗಳ ಮೈಮೇಲೆ ಸಾಲಾಗಿ ಪುಟ್ಟ ತಾಮ್ರದ ಚೌಕಗಳು, ಪ್ರತಿಯೊಂದರಲ್ಲೂ ಒಂದು ಸೀಳು. ಒಳಬಳೆಯಿಂದ ಹೊರಬಳೆಗೆ ಚೌಕದ ಆಕಾರ ಚೂರುಚೂರೇ ಬದಲಾಗುತ್ತದೆ. ಅಲೆಯನ್ನು ಬಾಗಿಸುವುದು ಈ ಬದಲಾವಣೆಯೇ.

ಅಲ್ಲಿ ಬಳಸಿದ ಅಲೆಯ ಆವರ್ತನ (ಸೆಕೆಂಡಿಗೆ ಎಷ್ಟು ಕಂಪನ ಎಂಬುದು) 8.5 ಗಿಗಾಹರ್ಟ್ಸ್, ಅಂದರೆ ಸುಮಾರು 3.5 ಸೆಂಟಿಮೀಟರ್ ಅಲೆಯುದ್ದ. ಚೌಕಗಳು ಅದಕ್ಕಿಂತ ತುಂಬಾ ಚಿಕ್ಕದಿರಬೇಕು. ಸುಮಾರು 3 ಮಿಲಿಮೀಟರ್ ಸಾಕಾಯಿತು. ಬೆಳಕಿನ ಅಲೆಯುದ್ದ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಚೌಕ ಕೆತ್ತುವುದು ಕಷ್ಟ. ಕೆತ್ತಿದರೂ ಲೋಹ ಆ ಬೆಳಕನ್ನು ನುಂಗಿಬಿಡುತ್ತದೆ.

ಇನ್ನೊಂದು ತೊಡಕು: ಸುತ್ತುದಾರಿ ಹಿಡಿದ ಅಲೆ ನೇರ ಹೋದದ್ದರ ಜೊತೆಗೇ ತಲುಪಬೇಕು. ಇದು ಕಿರಿದಾದ ಆವರ್ತನ ಪಟ್ಟಿಯಲ್ಲಷ್ಟೇ ಸಾಧ್ಯ. ನಮ್ಮ ಕಣ್ಣಿಗೋ ಕೆಂಪಿನಿಂದ ನೇರಳೆವರೆಗೆ ಎಲ್ಲ ಬಣ್ಣವೂ ಬೇಕು.

ಅಂದಹಾಗೆ, ಆ ಪ್ರಯೋಗದಲ್ಲೂ ನೆರಳು ಕಡಿಮೆಯಾಯಿತೇ ಹೊರತು ಪೂರ್ತಿ ಮಾಯವಾಗಲಿಲ್ಲ.