ಪ್ರೋಟೀನಿನ ಚಿತ್ರ ನೋಡಿ ಔಷಧಿ ಹೊಳೆಯುತ್ತದಾ?

ನಿಮ್ಮ ಪ್ರಶ್ನೆ ಇದು: "ನಾನು ಬಿ.ಎಸ್ಸಿ. ಎರಡನೇ ವರ್ಷ. ಪ್ರೋಟೀನಿನ ರಚನೆ ನೋಡಿ ಔಷಧಿ ಮಾಡುತ್ತಾರೆ ಅಂತ ಮೇಡಂ ಹೇಳಿದರು. ಬಣ್ಣಬಣ್ಣದ ರಿಬ್ಬನ್ ಚಿತ್ರದಿಂದ ಔಷಧಿ ಹೇಗೆ ಹೊಳೆಯುತ್ತದೆ? ರೋಗನಿರೋಧಕ ಶಕ್ತಿಗೂ ಇದಕ್ಕೂ ಏನು ಸಂಬಂಧ? ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಎಂಬ ಎಐ ಬಂದ ಮೇಲೂ ಹರಳು ಬೆಳೆಸಬೇಕಾ?"

ಚಿತ್ರ ನೋಡಿದರೆ ಔಷಧಿ ಹೊಳೆಯುವುದಿಲ್ಲ. ನಾನು ಏಳು ವರ್ಷ ಪ್ರೋಟೀನ್ ಹರಳು ಬೆಳೆಸಿದವಳು (ಹರಳಿಗೆ ಎಕ್ಸ್‌ರೇ ಹಾಯಿಸಿಯೇ ಹೆಚ್ಚಾಗಿ ಇಂಥ ಚಿತ್ರ ಸಿಗುವುದು), ನನಗಂತೂ ಒಂದೂ ಹೊಳೆದಿಲ್ಲ. ಚಿತ್ರ ತಿಳಿಸುವುದು ಇಷ್ಟು: ತಗ್ಗು ಎಲ್ಲಿದೆ, ಅದರಲ್ಲಿ ಏನು ಕೂರುತ್ತದೆ, ಯಾವ ಗೋಡೆಗೆ ಒರಗಿ ಕೂರುತ್ತದೆ. ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೂ ಈ ತಗ್ಗೇ ಉತ್ತರ. ಎಚ್‌ಐವಿಯನ್ನು ತೆಗೆದುಕೊಳ್ಳೋಣ, ಎರಡೂ ಅಲ್ಲಿ ಸಿಗುತ್ತವೆ.

ಮೊದಲು ರೋಗನಿರೋಧಕ ಶಕ್ತಿ. 1974ರ ಸುಮಾರಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ, ರಾಲ್ಫ್ ಜಿಂಕರ್‌ನಾಗೆಲ್ ಇಬ್ಬರೂ ಇಲಿಗಳಲ್ಲಿ ಒಂದು ವಿಚಿತ್ರ ಕಂಡರು. ಸೋಂಕು ತಗುಲಿದ ಕೋಶವನ್ನು ಟಿ ಕೋಶ ಎಂಬ ಬಿಳಿ ರಕ್ತಕೋಶ ಕೊಲ್ಲುತ್ತದೆ ನಿಜ. ಆದರೆ ಬೇರೆ ತಳಿಯ ಇಲಿಯ ಕೋಶಕ್ಕೆ ಅದೇ ವೈರಸ್ ತಗುಲಿದ್ದರೆ ಸುಮ್ನೆ ಇದ್ದುಬಿಡುತ್ತದೆ. ಅಂದರೆ ವೈರಸ್ ಒಂದೇ ಇದ್ದರೆ ಸಾಲದು, ಜೊತೆಗೆ ತನ್ನದೇ ಮೈಯ ಎಂಎಚ್‌ಸಿ ಎಂಬ ಪ್ರೋಟೀನೂ ಕಾಣಬೇಕು. ಯಾಕೆ ಹೀಗೆ? ಬಹಳ ವರ್ಷ ವಾದ ನಡೆಯಿತು.

1987ರಲ್ಲಿ ಹಾರ್ವರ್ಡ್‌ನ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ, ಜ್ಯಾಕ್ ಸ್ಟ್ರಾಮಿಂಜರ್ ಮತ್ತು ಜೊತೆಗಾರರು ಮನುಷ್ಯರ ಎಂಎಚ್‌ಸಿಯ ರಚನೆ ಪ್ರಕಟಿಸಿದರು. ಇದಕ್ಕೆ ಎಚ್‌ಎಲ್‌ಎ ಅನ್ನುತ್ತಾರೆ. ಕೆಳಗೆ ಎಂಟು ಎಳೆಗಳ ಚಪ್ಪಟೆ ತಳ. ಮೇಲೆ ಎರಡು ಸುರುಳಿಗಳು, ಗದ್ದೆಯ ಬದುಗಳ ಹಾಗೆ. ನಡುವೆ ಕಾಲುವೆ. ಆ ಕಾಲುವೆಯಲ್ಲಿ ಇನ್ನೇನೋ ಬಿದ್ದಿತ್ತು, ಎಚ್‌ಎಲ್‌ಎಗೆ ಸೇರದ ಒಂದು ಮಸುಕು ಆಕಾರ. ಕೋಶದೊಳಗಿನ ಪ್ರೋಟೀನುಗಳ ಚೂರುಗಳು ಅವು. ಒಂದೊಂದು ಅಣುವಿನಲ್ಲಿ ಒಂದೊಂದು ಚೂರು, ಅದಕ್ಕೇ ಮಸುಕು. ಎಂಟರಿಂದ ಹತ್ತು ಅಮೈನೋ ಆಮ್ಲದಷ್ಟು (ಪ್ರೋಟೀನ್ ಸರದ ಒಂದೊಂದು ಮಣಿಯೇ ಅಮೈನೋ ಆಮ್ಲ) ಉದ್ದದ ಚೂರನ್ನು ಎಚ್‌ಎಲ್‌ಎ ಹಿಡಿದು ಹೊರಗೆ ತೋರಿಸುತ್ತದೆ. ಟಿ ಕೋಶ ಬದುವನ್ನೂ ನೋಡುತ್ತದೆ, ಕಾಲುವೆಯಲ್ಲಿ ಬಿದ್ದದ್ದನ್ನೂ ನೋಡುತ್ತದೆ. ವಾದ ಮುಗಿಯಿತು.

ಎಚ್‌ಎಲ್‌ಎ ಒಬ್ಬರಿಂದ ಒಬ್ಬರಿಗೆ ಬೇರೆಯಾಗುವುದೂ ಹೆಚ್ಚಾಗಿ ಈ ಕಾಲುವೆಯ ಒಳಗೇ. ಹಾಗಾಗಿ ನನ್ನದರಲ್ಲಿ ಕೂರುವ ವೈರಸ್ ಚೂರು ನಿಮ್ಮದರಲ್ಲಿ ಕೂರದೇ ಇರಬಹುದು. ಮಾತ್ರೆಯೇ ಇಲ್ಲದೆ ಎಚ್‌ಐವಿಯನ್ನು ಹಿಡಿತದಲ್ಲಿಟ್ಟುಕೊಳ್ಳುವ ಕೆಲವರು ಇದ್ದಾರೆ. ಅವರಲ್ಲಿ ಬಿ57 ಎಂಬ ಎಚ್‌ಎಲ್‌ಎ ಜಾಸ್ತಿ ಕಾಣುತ್ತದೆ. ತಮಾಷೆ ನೋಡಿ, ಈ ಬಿ57ರಲ್ಲೇ ಒಂದು ಬಗೆ ಇರುವವರಿಗೆ ಅಬಾಕವಿರ್ ಎಂಬ ಎಚ್‌ಐವಿ ಮಾತ್ರೆ ಕೊಟ್ಟರೆ ಜ್ವರ, ದದ್ದು ಬಂದು ಜೀವಕ್ಕೇ ಅಪಾಯ ಆಗಬಹುದು. 2012ರಲ್ಲಿ ರಚನೆ ಸಿಕ್ಕಾಗ ಕಾರಣ ಕಂಡಿತು: ಮಾತ್ರೆ ನೇರವಾಗಿ ಕಾಲುವೆಯ ತಳದಲ್ಲಿ ಹೋಗಿ ಕೂತಿತ್ತು. ಅದರಿಂದ ಮೇಲೆ ಕೂರುವ ಚೂರುಗಳೇ ಬದಲಾದವು. ಟಿ ಕೋಶಕ್ಕೆ ನಮ್ಮದೇ ಚೂರುಗಳು ಪರಕೀಯವಾಗಿ ಕಂಡವು. ಈಗ ಈ ಮಾತ್ರೆ ಶುರು ಮಾಡುವ ಮೊದಲು ಜೀನ್ ಪರೀಕ್ಷೆ ಮಾಡಿ ಎನ್ನುತ್ತಾರೆ.

ಇನ್ನು ಔಷಧಿಯ ಪ್ರಶ್ನೆ, ಅದಕ್ಕೆ ವೈರಸ್ಸಿನ ಒಂದು ಕಿಣ್ವ ನೋಡೋಣ. ಎಚ್‌ಐವಿ ತನ್ನ ಮುಖ್ಯ ಪ್ರೋಟೀನುಗಳಲ್ಲಿ ಹಲವನ್ನು ಬಿಡಿಬಿಡಿಯಾಗಿ ಮಾಡುವುದಿಲ್ಲ, ಉದ್ದ ಸರವಾಗಿ ಮಾಡುತ್ತದೆ. ಆಮೇಲೆ ಅದನ್ನು ಪ್ರೋಟಿಯೇಸ್ ಎಂಬ ಕಿಣ್ವ ಕತ್ತರಿಸಬೇಕು. ಕತ್ತರಿಸದಿದ್ದರೆ ವೈರಸ್ ಹುಟ್ಟುತ್ತದೆ, ಆದರೆ ಸೋಂಕು ತಗುಲಿಸಲಾರದು. ಇದು 1988ರಲ್ಲಿ ಖಚಿತವಾಯಿತು, ಮರುವರ್ಷವೇ ರಚನೆ ಬಂತು. ಅಡಕತ್ತರಿ ನೆನೆಸಿಕೊಳ್ಳಿ. ಎರಡು ತೋಳು, ಒಂದೊಂದರಲ್ಲೂ 99 ಅಮೈನೋ ಆಮ್ಲ, ಎರಡೂ ತದ್ರೂಪ. 25ನೇ ಜಾಗದಲ್ಲಿರುವ ಆಸ್ಪಾರ್ಟಿಕ್ ಆಮ್ಲವೇ ಬಾಯಿ, ಒಂದೊಂದು ತೋಳಿಂದ ಒಂದೊಂದು. ಮೇಲಿಂದ ಎರಡು ರೆಕ್ಕೆ ಬಂದು ಮುಚ್ಚಿಕೊಳ್ಳುತ್ತವೆ. ನಡುವಿನ ತಗ್ಗಿನಲ್ಲಿ ಮತ್ತೆ ಪ್ರೋಟೀನಿನ ಒಂದು ತುಂಡೇ. ಎಚ್‌ಎಲ್‌ಎ ಅದನ್ನು ತೋರಿಸುತ್ತದೆ, ಇದು ಕತ್ತರಿಸುತ್ತದೆ.

ಔಷಧಿ ಅಂದರೆ ಅಡಕತ್ತರಿಯ ಬಾಯಿಗೆ ಕತ್ತರಿಸಲಾಗದ ಅಡಿಕೆ ಕೊಡುವುದು. ಅಡಿಕೆಯ ಆಕಾರ ಹೇಗಿರಬೇಕು? ಇಡಿಯಾಗಿದ್ದಾಗಿನದಲ್ಲ, ತುಂಡಾದ ಮೇಲಿನದೂ ಅಲ್ಲ. ಕತ್ತರಿಸುವ ಆ ಕ್ಷಣದಲ್ಲಿ ನೀರು ಸೇರಿ ಆಗುವ ಆಕಾರ. ಕಿಣ್ವ ಅತಿ ಬಿಗಿಯಾಗಿ ಹಿಡಿಯುವುದು ಅದನ್ನೇ. ಸರಿ, ನಮ್ಮ ಹೊಟ್ಟೆಯ ಪೆಪ್ಸಿನ್ ಕೂಡ ಇದೇ ಕುಲದ ಕಿಣ್ವ, ಅದಕ್ಕೆ ತೊಂದರೆ ಆಗಬಾರದಲ್ವಾ? ವೈರಸ್ಸಿನ ಕಿಣ್ವ ಸರದಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲಕ್ಕೆ ತುಸು ಮೊದಲು ಕತ್ತರಿಸಬಲ್ಲದು. ನಮ್ಮವು ಸಾಮಾನ್ಯವಾಗಿ ಆ ಗೋಜಿಗೆ ಹೋಗುವುದಿಲ್ಲ. ಈ ಸುಳಿವು ಹಿಡಿದು ಬಂದದ್ದು ಸಾಕ್ವಿನಾವಿರ್, 1995ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಿಜ ಹೇಳಬೇಕೆಂದರೆ ಅದರಲ್ಲಿ ಹರಳಿಗಿಂತ ರಸಾಯನಶಾಸ್ತ್ರದ ತಲೆಯೇ ಹೆಚ್ಚು ಕೆಲಸ ಮಾಡಿತ್ತು. ಮೂರು ತಿಂಗಳ ನಂತರ ಬಂದ ರಿಟೊನಾವಿರ್, ಇಂಡಿನಾವಿರ್‌ಗಳಲ್ಲಿ ರಚನೆಯ ಪಾಲು ದೊಡ್ಡದು. ರಿಟೊನಾವಿರ್‌ನ ಹಿಂದಿನ ಯೋಚನೆ ಬಹಳ ಸರಳ: ಕಿಣ್ವದ ಎರಡು ಅರ್ಧ ಒಂದೇ ಥರ ಇದ್ದರೆ, ಔಷಧಿಯನ್ನೂ ಹಾಗೇ ಮಾಡಿದರೆ ಹೇಗೆ? (ಕೊನೆಗೆ ಮಾತ್ರೆಯಾದದ್ದು ಪೂರ್ತಿ ಹಾಗೆ ಉಳಿಯಲಿಲ್ಲ. ಲ್ಯಾಬಿನಲ್ಲಿ ಚೆಂದ ಕೂತದ್ದು ಹೊಟ್ಟೆಯಿಂದ ರಕ್ತಕ್ಕೆ ಹೋಗಲೂ ಬೇಕಲ್ಲ.)

ವೈರಸ್ ಸುಮ್ಮನಿರಲಿಲ್ಲ. 82ನೇ ಜಾಗದ ವ್ಯಾಲೀನ್ ತೆಗೆದು ಚಿಕ್ಕದಾದ ಅಲನೀನ್ ಹಾಕಿಕೊಂಡಿತು. ಔಷಧಿ ಒರಗಿದ್ದ ಗೋಡೆ ಸ್ವಲ್ಪ ಹಿಂದೆ ಸರಿಯಿತು, ಹಿಡಿತ ಸಡಿಲವಾಯಿತು. ಸರ ಕತ್ತರಿಸುವ ಕೆಲಸ ಮಾತ್ರ ನಡೆದೇ ಇತ್ತು. ಇದಕ್ಕೆ ಅಮೆರಿಕದಲ್ಲಿರುವ ಅರುಣ್ ಘೋಷ್ ಹುಡುಕಿದ ದಾರಿ ನನಗೆ ತುಂಬ ಇಷ್ಟ. ಅಮೈನೋ ಆಮ್ಲದಿಂದ ಪಕ್ಕಕ್ಕೆ ಚಾಚಿದ ಗುಂಪುಗಳು ಬದಲಾಗುತ್ತವೆ, ಆದರೆ ಪ್ರೋಟೀನಿನ ಬೆನ್ನೆಲುಬು ಎಲ್ಲ ಅಮೈನೋ ಆಮ್ಲಕ್ಕೂ ಒಂದೇ. ಆ ಬೆನ್ನೆಲುಬನ್ನೇ ಹಿಡಿದುಕೊಂಡರೆ ವೈರಸ್ ಎಲ್ಲಿಗೆ ತಪ್ಪಿಸಿಕೊಳ್ಳುತ್ತದೆ? 2006ರಲ್ಲಿ ಬಂದ ದಾರುನಾವಿರ್ ಹೀಗೆ ಹುಟ್ಟಿದ್ದು.

ರಿಟೊನಾವಿರ್ ಈಗ ಬೇರೆ ಕೆಲಸ ಮಾಡುತ್ತಿದೆ. ಅದು ಯಕೃತ್ತಿನ ಒಂದು ಕಿಣ್ವವನ್ನೂ ತಡೆಯುತ್ತದೆ, ಆಗ ಜೊತೆಗಿರುವ ಔಷಧಿ ಬೇಗ ಕರಗಿಹೋಗುವುದಿಲ್ಲ. ಕೋವಿಡ್‌ಗೆ ಕೊಡುವ ಪ್ಯಾಕ್ಸ್‌ಲೋವಿಡ್‌ನಲ್ಲಿ ಅದು ಇರುವುದು ಇದಕ್ಕಾಗಿಯೇ.

ಆಲ್ಫಾಫೋಲ್ಡ್? ನಾನು ದಿನಾ ಬಳಸುತ್ತೇನೆ. ಒಮ್ಮೆ ಮೂರು ತಿಂಗಳು ಕಾದು ಬೆಳೆಸಿದ ಚೆಂದದ ಹರಳನ್ನು ಎಕ್ಸ್‌ರೇಗೆ ಇಟ್ಟರೆ ಅದು ಬರೀ ಉಪ್ಪು! ಆ ನೋವು ಗೊತ್ತಿದ್ದವರು ಆಲ್ಫಾಫೋಲ್ಡನ್ನು ಬೈಯುವುದಿಲ್ಲ. ಆದರೆ ಅದು ಕಲಿತದ್ದು ನಾವು ದಶಕಗಟ್ಟಲೆ ಕೂಡಿಟ್ಟ ರಚನೆಗಳಿಂದ. ಹೊಸ ಅಣು ತಗ್ಗಿನಲ್ಲಿ ಕೂತಾಗ ಗೋಡೆ ಎಷ್ಟು ಸರಿಯಿತು, ಯಾವ ನೀರು ಉಳಿಯಿತು ಅನ್ನುವುದನ್ನು ಇನ್ನೂ ಅಳೆದೇ ನೋಡಬೇಕು.

ನೀರಿನ ಮಾತು ಸುಮ್ನೆ ಹೇಳಿದ್ದಲ್ಲ. ಪ್ರೋಟೀನ್ ಡೇಟಾ ಬ್ಯಾಂಕ್ ಜಾಲತಾಣದಲ್ಲಿ 1ಎಚ್‌ಎಸ್‌ಜಿ ಅಂತ ಹುಡುಕಿ (ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಹಾಕಿ). ಇಂಡಿನಾವಿರ್ ಕಚ್ಚಿಕೊಂಡ ಪ್ರೋಟಿಯೇಸ್ ಬರುತ್ತದೆ. ರೆಕ್ಕೆಗಳಿಗೂ ಔಷಧಿಗೂ ನಡುವೆ ಒಂದೇ ಒಂದು ನೀರಿನ ಅಣು ಸಿಕ್ಕಿಕೊಂಡಿದೆ, ನಂಬರ್ 308. 1994ರಲ್ಲಿ ಒಂದು ತಂಡ ಆ ನೀರನ್ನೇ ಓಡಿಸಿ ಅದರ ಜಾಗದಲ್ಲಿ ಔಷಧಿಯ ಆಮ್ಲಜನಕ ಕೂರುವಂಥ ಅಣು ಮಾಡಿತು. ರಚನೆ ನೋಡಿ ಮಾಡಿದ್ದರಲ್ಲಿ ಅಷ್ಟು ಜಾಣ ಕೆಲಸ ಕಡಿಮೆ. ಅದು ಮಾತ್ರೆಯಾಗಿ ಅಂಗಡಿಗೆ ಬರಲೇ ಇಲ್ಲ. ಆ ನೀರು ಕಣ್ಣಿಗೆ ಬಿತ್ತಾ ಅಂತ ಕಾಮೆಂಟಿನಲ್ಲಿ ಹೇಳಿ, ಸಿಗದಿದ್ದರೆ ಎಲ್ಲಿ ತಿರುಗಿಸಿ ನೋಡಬೇಕು ಅಂತ ಬರೆಯುತ್ತೇನೆ.